ಕಣಗಳ ಡಿಕ್ಕಿಯಲ್ಲಿ ವಿಶ್ವದ ಬಾಲ್ಯ

ವಿಶ್ವಕ್ಕೀಗ ಸುಮಾರು 1,380 ಕೋಟಿ ವರ್ಷ. ದೂರದರ್ಶಕಗಳಿಗೆ ಸಿಗುವ ಅತ್ಯಂತ ಹಳೆಯ ಬೆಳಕು ಹೊರಟದ್ದು ಅದರ ವಯಸ್ಸು 3.8 ಲಕ್ಷ ವರ್ಷವಿದ್ದಾಗ. ಅದಕ್ಕೂ ಹಿಂದೆ ವಿಶ್ವವೆಲ್ಲ ಕಾದ ಪ್ಲಾಸ್ಮಾ. ಬಿಡಿ ಎಲೆಕ್ಟ್ರಾನುಗಳಿಗೆ ಬಡಿದು ಬೆಳಕು ಅಲ್ಲಲ್ಲೇ ಚದುರುತ್ತಿತ್ತು, ದೂರ ಸಾಗುತ್ತಿರಲಿಲ್ಲ. ಹೀಗಾಗಿ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಬೆಳಕಿನ ನೆರವಿನಿಂದ ಆ ಗಡಿಯಾಚೆ ಏನೂ ಕಾಣದು. ಅದರ ಹಿಂದಿನ ಕಥೆ ತಿಳಿಯಲು ಅಂದಿನಿಂದ ಉಳಿದುಬಂದ ಕುರುಹುಗಳನ್ನು ಲೆಕ್ಕ ಹಾಕಬೇಕು. ಇಲ್ಲವೇ ಅಂದಿನ ಬಿಸಿಯಲ್ಲಿ ದ್ರವ್ಯ ಹೇಗೆ ವರ್ತಿಸುತ್ತಿತ್ತೆಂದು ಪ್ರಯೋಗಶಾಲೆಯಲ್ಲಿ ಮಾಡಿ ನೋಡಬೇಕು. ಈ ಎರಡನೆಯದು ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳ, ಅಂದರೆ ಕೊಲೈಡರುಗಳ ಕೆಲಸ.

ಇಂಥ ಯಂತ್ರಗಳು ಮಹಾಸ್ಫೋಟವನ್ನೇ ಮರುಸೃಷ್ಟಿಸುತ್ತವೆ ಎಂಬ ಮಾತು ಸುದ್ದಿಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಅದು ಉತ್ಪ್ರೇಕ್ಷೆ. ಜಿನೀವಾ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ (ಎಲ್‌ಎಚ್‌ಸಿ) ಎರಡು ಪ್ರೋಟಾನುಗಳು ಡಿಕ್ಕಿಯಾದಾಗ ಹೊಮ್ಮುವ ಶಕ್ತಿ 13.6 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್. ಕೇಳಲು ಭಾರೀ ಸಂಖ್ಯೆ; ಲೆಕ್ಕಕ್ಕೆ ಬರೀ 2 ಮೈಕ್ರೋಜೂಲ್ ಚಿಲ್ಲರೆ. ಎರಡು ಕೈ ತಟ್ಟಿದರೆ ಇದಕ್ಕಿಂತ ಹೆಚ್ಚು ಶಕ್ತಿ ಹೊಮ್ಮುತ್ತದೆ. ಹೆಚ್ಚುಗಾರಿಕೆ ಇರುವುದು ಶಕ್ತಿಯ ಮೊತ್ತದಲ್ಲಲ್ಲ, ಅದು ಪರಮಾಣು ಬೀಜಕ್ಕಿಂತ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುವುದರಲ್ಲಿ. ವಿಶ್ವ ಹುಟ್ಟಿದ ಮೇಲೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತಿಗೆ ಪ್ರತಿ ಕಣದಲ್ಲೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ ಇತ್ತು. ಕೊಲೈಡರ್ ತೋರಿಸುವುದು ಆ ಹೊತ್ತಿನ ಭೌತನಿಯಮಗಳನ್ನು, ವಿಶ್ವದ ಹುಟ್ಟನ್ನಲ್ಲ.

ಮಹಾಸ್ಫೋಟ ಸಿದ್ಧಾಂತ ರೂಪುಗೊಂಡದ್ದು ಕೊಲೈಡರುಗಳ ನೆರವಿಲ್ಲದೆ. ಐನ್‌ಸ್ಟೈನರ ಸಾಪೇಕ್ಷತಾ ಸಮೀಕರಣಗಳಿಂದ ವಿಶ್ವ ಹಿಗ್ಗುತ್ತಿರಬೇಕೆಂದು ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲೂ, ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೈತ್ರ್ 1927ರಲ್ಲೂ ಲೆಕ್ಕ ತೆಗೆದರು. ಗೆಲಾಕ್ಸಿಗಳು ದೂರವಿದ್ದಷ್ಟೂ ವೇಗವಾಗಿ ಸರಿಯುತ್ತಿವೆಯೆಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದರು. ಮಹಾಸ್ಫೋಟ ಎಂಬ ಹೆಸರು ಬಂದದ್ದು ಅದನ್ನು ಒಪ್ಪದವರ ಬಾಯಿಂದ: ಸ್ಥಿರಸ್ಥಿತಿ ಸಿದ್ಧಾಂತದ ಫ್ರೆಡ್ ಹಾಯ್ಲ್ 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಆ ಪದ ಬಳಸಿದರು. ಹಾಯ್ಲ್ ಜೊತೆ ದುಡಿದ ಭಾರತದ ಜಯಂತ ನಾರ್ಳೀಕರ್ 2025ರಲ್ಲಿ ತೀರಿಕೊಳ್ಳುವವರೆಗೂ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಇದ್ದರು. ಬಹುಪಾಲು ವಿಜ್ಞಾನಿಗಳ ಮಟ್ಟಿಗೆ ವಾದ ಮುಗಿದದ್ದು 1965ರಲ್ಲಿ. ಅಮೆರಿಕದ ಅರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಕೇಳಿಬರುತ್ತಿದ್ದ ಗೊರಗೊರ ಸದ್ದಿನ ಮೂಲ ಹುಡುಕುತ್ತ, ಒಳಗಿದ್ದ ಪಾರಿವಾಳಗಳ ಹಿಕ್ಕೆಯನ್ನೂ ಬಳಿದು ತೆಗೆದರು. ಸದ್ದು ಹೋಗಲಿಲ್ಲ. ಅದು ಮೊದಲ ಬೆಳಕು ತಣ್ಣಗಾಗಿ ಉಳಿದ ಸೂಕ್ಷ್ಮತರಂಗ. ಈಗ ಅದರ ತಾಪ ಶೂನ್ಯಕ್ಕಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗೆ.

ವಿಶ್ವದ ಮೊದಲ ಕೆಲವು ನಿಮಿಷಗಳ ಗುರುತು ಇನ್ನೊಂದಿದೆ: ಹೀಲಿಯಂ. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ. ಇಷ್ಟೊಂದು ಹೀಲಿಯಂ ನಕ್ಷತ್ರಗಳ ಒಳಗೆ ತಯಾರಾಗಲು ಸಮಯ ಸಾಲದು; ಮೊದಲ ನಿಮಿಷಗಳ ಬಿಸಿಯಲ್ಲೇ ಪ್ರೋಟಾನು, ನ್ಯೂಟ್ರಾನುಗಳು ಕೂಡಿ ಆಗಿರಬೇಕು. ಜಾರ್ಜ್ ಗ್ಯಾಮೊ ಮತ್ತು ರಾಲ್ಫ್ ಆಲ್ಫರ್ 1948ರಲ್ಲಿ ಮುಂದಿಟ್ಟ ವಿಚಾರ ಇದು. ಕಣಭೌತವಿಜ್ಞಾನ ಮತ್ತು ವಿಶ್ವವಿಜ್ಞಾನ ಮೊದಲ ಸಲ ಗಟ್ಟಿಯಾಗಿ ಕೈಕುಲುಕಿದ್ದು ಇದೇ ಲೆಕ್ಕದ ಮೇಲೆ. ಅಂದು ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳಲ್ಲಿ ಎಷ್ಟು ಬಗೆಗಳಿದ್ದವು ಎಂಬುದರ ಮೇಲೆ ವಿಶ್ವ ಎಷ್ಟು ಬೇಗ ಹಿಗ್ಗುತ್ತಿತ್ತು ಎಂಬುದು ನಿಂತಿದೆ. ಬಗೆಗಳು ಹೆಚ್ಚಾದರೆ ಹಿಗ್ಗುವಿಕೆ ಚುರುಕಾಗುತ್ತದೆ, ನ್ಯೂಟ್ರಾನುಗಳು ಪ್ರೋಟಾನುಗಳಾಗಿ ಬದಲಾಗಲು ಸಿಗುವ ಸಮಯ ಕಡಿಮೆಯಾಗುತ್ತದೆ, ಉಳಿದ ನ್ಯೂಟ್ರಾನುಗಳಿಂದ ಹೀಲಿಯಂ ಹೆಚ್ಚು ಹುಟ್ಟುತ್ತದೆ. ಆಗಸದಲ್ಲಿ ಅಳೆದ ಹೀಲಿಯಂ ಪ್ರಮಾಣ ನೋಡಿದರೆ ನ್ಯೂಟ್ರಿನೊಗಳಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಬಗೆ ಇರಬಹುದೆಂದು ಖಗೋಳವಿಜ್ಞಾನಿಗಳು 1980ರ ದಶಕದ ಹೊತ್ತಿಗೆ ಹೇಳುತ್ತಿದ್ದರು.

ಇದನ್ನು ಭೂಮಿಯ ಮೇಲೆ ಎಣಿಸಿದ್ದು ಐರೋಪ್ಯ ಕಣಭೌತ ಪ್ರಯೋಗಶಾಲೆ ಸೆರ್ನ್. 1954ರಲ್ಲಿ ಹನ್ನೆರಡು ದೇಶಗಳು ಸೇರಿ ಸ್ಥಾಪಿಸಿದ ಈ ಸಂಸ್ಥೆ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ಕೆಳಗೆ ಸುಮಾರು 27 ಕಿ.ಮೀ. ಸುತ್ತಳತೆಯ ಸುರಂಗ ಕೊರೆದು, 1989ರಲ್ಲಿ ಲೆಪ್ ಎಂಬ ಯಂತ್ರ ಶುರು ಮಾಡಿತು. ಅದರಲ್ಲಿ ಎಲೆಕ್ಟ್ರಾನುಗಳಿಗೂ ಅವುಗಳ ಪ್ರತಿಕಣವಾದ ಪಾಸಿಟ್ರಾನುಗಳಿಗೂ ಡಿಕ್ಕಿ. ಡಿಕ್ಕಿಯಿಂದ ಹುಟ್ಟುವ ಝಡ್ ಬೋಸಾನ್ ಎಂಬ ಕಣ ಕೂಡಲೇ ಒಡೆಯುತ್ತದೆ. ಅದು ಎಷ್ಟು ಹೆಚ್ಚು ಬಗೆಯ ನ್ಯೂಟ್ರಿನೊಗಳಾಗಿ ಒಡೆಯಬಲ್ಲುದೋ ಅಷ್ಟು ಅದರ ಆಯುಸ್ಸು ಕಿರಿದಾಗುತ್ತದೆ. 1989 ಮುಗಿಯುವ ಮುನ್ನವೇ ಉತ್ತರ ಬಂತು: ಮೂರೇ ಬಗೆ. ಹನ್ನೊಂದು ವರ್ಷಗಳಲ್ಲಿ ಲೆಪ್ ಪ್ರಯೋಗಗಳು 1.7 ಕೋಟಿಯಷ್ಟು ಝಡ್ ಕಣಗಳನ್ನು ದಾಖಲಿಸಿ, ಆ ಸಂಖ್ಯೆಯನ್ನು 2.984 ಎಂಬಲ್ಲಿಗೆ ತಂದವು. ಆಗಸದ ಹೀಲಿಯಂ ಹೇಳಿದ ಸಂಖ್ಯೆಯೂ ಸುರಂಗ ಹೇಳಿದ ಸಂಖ್ಯೆಯೂ ತಾಳೆಯಾದವು. 2012ರ ಹಿಗ್ಸ್ ಕಣದ ಗದ್ದಲದ ಮುಂದೆ ಈ ಫಲಿತಾಂಶಕ್ಕೆ ಸಿಕ್ಕ ಪ್ರಚಾರ ಕಡಿಮೆ. ಆದರೆ ಕೊಲೈಡರುಗಳಿಗೂ ವಿಶ್ವದ ಆರಂಭಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಲೆಪ್ ಅಳತೆಗಳು ಎಷ್ಟು ಸೂಕ್ಷ್ಮವಾಗಿದ್ದವೆಂದರೆ, ಕಿರಣದ ಶಕ್ತಿಯಲ್ಲಿ ಕಾರಣವಿಲ್ಲದ ಏರಿಳಿತ ಕಂಡು ತಂತ್ರಜ್ಞರು ತಲೆ ಕೆಡಿಸಿಕೊಂಡರು. ಒಂದು ಕಾರಣ ಚಂದ್ರ. ಸಮುದ್ರದಲ್ಲಿ ಉಬ್ಬರವಿಳಿತ ತರುವ ಅದೇ ಸೆಳೆತ ನೆಲವನ್ನೂ ಕೊಂಚ ಹಿಗ್ಗಿಸಿ ಕುಗ್ಗಿಸುತ್ತದೆ, 27 ಕಿ.ಮೀ. ಉಂಗುರದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ವ್ಯತ್ಯಾಸವಾಗುತ್ತಿತ್ತು. ಇನ್ನೊಂದು ತೊಡಕು ಮಧ್ಯರಾತ್ರಿ ನಿಂತು ಬೆಳಗಿನ ಜಾವ ಮತ್ತೆ ಶುರುವಾಗುತ್ತಿತ್ತು. ಜಿನೀವಾದಿಂದ ಓಡುವ ಫ್ರಾನ್ಸಿನ ವೇಗದ ರೈಲುಗಳ ಹಳಿಯಿಂದ ನೆಲಕ್ಕೆ ಸೋರಿದ ವಿದ್ಯುತ್ತು ಯಂತ್ರದ ಕೊಳವೆಯಲ್ಲೂ ಹರಿಯುತ್ತಿತ್ತು.

2000ದಲ್ಲಿ ಲೆಪ್ ನಿಲ್ಲಿಸಿ, ಅದನ್ನು ಬಿಚ್ಚಿದ ಮೇಲೆ ಅದೇ ಸುರಂಗದಲ್ಲಿ ಎಲ್‌ಎಚ್‌ಸಿ ಕೂರಿಸಲಾಯಿತು. ಇಲ್ಲಿ ಓಡುವವು ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಭಾರದ ಪ್ರೋಟಾನುಗಳು. ಮೂಲ ಸಾಮಗ್ರಿ ಒಂದು ಚಿಕ್ಕ ಸಿಲಿಂಡರಿನಲ್ಲಿರುವ ಜಲಜನಕ. ಅದರ ಅಯಾನುಗಳು ಮೊದಲು ನೇರ ವೇಗವರ್ಧಕ, ಆಮೇಲೆ ಒಂದಕ್ಕಿಂತ ಒಂದು ದೊಡ್ಡದಾದ ಮೂರು ಉಂಗುರಗಳನ್ನು ದಾಟಿ ಕೊನೆಗೆ ದೊಡ್ಡ ಉಂಗುರ ಸೇರುತ್ತವೆ. ಅಲ್ಲಿ ಪ್ರೋಟಾನುಗಳ ಗೊಂಚಲುಗಳು ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ ವೇಗದಲ್ಲಿ ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಒಂದೊಂದು ಗೊಂಚಲಿನಲ್ಲೂ 10 ಸಾವಿರ ಕೋಟಿಗೂ ಹೆಚ್ಚು ಪ್ರೋಟಾನುಗಳು. ಎದುರುಬದುರು ಬಂದ ಎರಡು ಗೊಂಚಲುಗಳು ಒಂದನ್ನೊಂದು ತೂರಿ ಹೋಗುವಾಗ ನಿಜಕ್ಕೂ ಡಿಕ್ಕಿಯಾಗುವ ಜೋಡಿಗಳು ಕೆಲವು ಹತ್ತುಗಳಷ್ಟೇ. ಉಳಿದವು ತಮ್ಮ ಪಾಡಿಗೆ ಮುಂದೆ ಸಾಗುತ್ತವೆ. ಆದರೆ ಇಂಥ ಮುಖಾಮುಖಿ ಸೆಕೆಂಡಿಗೆ 4 ಕೋಟಿ ಸಲದವರೆಗೆ ನಡೆಯಬಲ್ಲುದಾದ್ದರಿಂದ ದತ್ತಾಂಶಕ್ಕೆ ಬರವಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲು ಯಾವ ಕಂಪ್ಯೂಟರಿಗೂ ಆಗದು. ಎಲೆಕ್ಟ್ರಾನಿಕ್ ಜರಡಿಗಳು ಕಣ್ಣೆವೆಯಿಕ್ಕುವುದರೊಳಗೆ ಬಹುಪಾಲನ್ನು ಎಸೆದು ಸೆಕೆಂಡಿಗೆ ಕೆಲವು ಸಾವಿರ ಘಟನೆಗಳನ್ನು ಮಾತ್ರ ದಾಖಲಿಸುತ್ತವೆ.

ಪ್ರೋಟಾನುಗಳನ್ನು ದಾರಿ ಬಿಡದಂತೆ ಬಾಗಿಸುವುದು 1,232 ಅಯಸ್ಕಾಂತಗಳು. ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ಭಾರ. ಅವುಗಳೊಳಗಿನ ನಯೋಬಿಯಂ ಟೈಟಾನಿಯಂ ತಂತಿ ತಡೆಯಿಲ್ಲದೆ ವಿದ್ಯುತ್ ಹರಿಸಲು ಅದನ್ನು ದ್ರವ ಹೀಲಿಯಂ ಬಳಸಿ ಮೈನಸ್ 271 ಡಿಗ್ರಿಯಲ್ಲಿ ಇಡಬೇಕು. ಅದು ನಕ್ಷತ್ರಗಳ ನಡುವಿನ ಬಯಲಿಗಿಂತ ತಣ್ಣಗಿನ ಜಾಗ. ಈ ಅಯಸ್ಕಾಂತಗಳು ಕೂತಿರುವ ಜ್ಯಾಕುಗಳು ಭಾರತದವು. ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದ ಉಸ್ತುವಾರಿಯಲ್ಲಿ ಸುಮಾರು ಏಳು ಸಾವಿರ ಜ್ಯಾಕುಗಳನ್ನು ಬೆಂಗಳೂರಿನ ಅವಸರಾಲ ಕಂಪನಿ ಮತ್ತು ಇಂದೋರಿನ ಇಂಡೋ ಜರ್ಮನ್ ಟೂಲ್ ರೂಮ್ ತಯಾರಿಸಿ ಕೊಟ್ಟವು. ಅಷ್ಟು ಭಾರದ ಅಯಸ್ಕಾಂತವನ್ನು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟು ನಿಖರವಾಗಿ ಸರಿಸಿ ನಿಲ್ಲಿಸುವುದು ಅವುಗಳ ಕೆಲಸ. ಸಿಎಂಎಸ್ ಎಂಬ 14 ಸಾವಿರ ಟನ್ನಿನ ಶೋಧಕಕ್ಕೆ ಬೇಕಾದ ಸಿಲಿಕಾನ್ ಪಟ್ಟಿಗಳಲ್ಲಿ ಒಂದು ಭಾಗ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಯಿತು. 2017ರಿಂದ ಭಾರತ ಸೆರ್ನ್‌ನ ಸಹಸದಸ್ಯ ರಾಷ್ಟ್ರ.

2008ರ ಸೆಪ್ಟೆಂಬರ್ 10ರಂದು ಯಂತ್ರಕ್ಕೆ ಚಾಲನೆ ಸಿಕ್ಕಾಗ ಜಗತ್ತು ಮುಗಿದೇಹೋಗುತ್ತದೆ, ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗುತ್ತದೆ ಎಂದು ಟಿವಿ ವಾಹಿನಿಗಳು ದಿನವಿಡೀ ಭಯ ಹುಟ್ಟಿಸಿದವು. ಉತ್ತರ ಆಗಲೇ ಲಭ್ಯವಿತ್ತು: ಎಲ್‌ಎಚ್‌ಸಿಯನ್ನು ಮೀರಿಸುವ ಶಕ್ತಿಯ ವಿಶ್ವಕಿರಣಗಳು ಭೂಮಿ, ಚಂದ್ರ, ಸೂರ್ಯರ ಮೇಲೆ ನೂರಾರು ಕೋಟಿ ವರ್ಷಗಳಿಂದ ಬಡಿಯುತ್ತಲೇ ಇವೆ, ಇವು ಯಾವುವೂ ಮಾಯವಾಗಿಲ್ಲ. ನಿಜವಾದ ಅವಘಡ ನಡೆದದ್ದು ಒಂಬತ್ತು ದಿನಗಳ ಬಳಿಕ, ತೀರ ಲೌಕಿಕ ಕಾರಣಕ್ಕೆ. ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಸಡಿಲವಾಗಿ ಕಿಡಿ ಹಾರಿತು, ಟನ್ನುಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು, 53 ಅಯಸ್ಕಾಂತಗಳನ್ನು ಮೇಲಕ್ಕೆತ್ತಿ ದುರಸ್ತಿ ಮಾಡಬೇಕಾಯಿತು. ಯಂತ್ರ ಮತ್ತೆ ಓಡಿದ್ದು 2009ರ ನವೆಂಬರಿನಲ್ಲಿ.

2012ರ ಜುಲೈ 4ರಂದು ಎಲ್‌ಎಚ್‌ಸಿಯ ಅಟ್ಲಾಸ್ ಮತ್ತು ಸಿಎಂಎಸ್ ಶೋಧಕಗಳ ತಂಡಗಳು ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರದ ಹೊಸ ಕಣವೊಂದನ್ನು ಪ್ರಕಟಿಸಿದವು. ಪತ್ರಿಕೆಗಳು ದೇವಕಣ ಎಂದು ಕೊಂಡಾಡಿದ, ವಿಜ್ಞಾನಿಗಳು ಆ ಹೆಸರಿಗೆ ಮುಖ ಸಿಂಡರಿಸುವ ಹಿಗ್ಸ್ ಬೋಸಾನ್ ಅದು. ಪೀಟರ್ ಹಿಗ್ಸ್, ಫ್ರಾಂಸ್ವಾ ಆಂಗ್ಲೇರ್, ರಾಬರ್ಟ್ ಬ್ರೌಟ್ 1964ರಲ್ಲೇ ಊಹಿಸಿದ್ದ ಕ್ಷೇತ್ರದ ಕುರುಹು. ಬ್ರೌಟ್ 2011ರಲ್ಲಿ ತೀರಿಕೊಂಡಿದ್ದರು; ಉಳಿದಿಬ್ಬರಿಗೆ 2013ರಲ್ಲಿ ನೊಬೆಲ್ ಬಂತು. ವಿಶ್ವದ ಚರಿತ್ರೆಯಲ್ಲಿ ಈ ಕ್ಷೇತ್ರದ ಪಾತ್ರ ದೊಡ್ಡದು. ಸೆಕೆಂಡಿನ ಹತ್ತು ಸಾವಿರ ಕೋಟಿಯ ಒಂದು ಪಾಲು ಕಳೆಯುವ ತನಕ ವಿಪರೀತ ಬಿಸಿಯಲ್ಲಿ ಕ್ಷೇತ್ರದ ಸರಾಸರಿ ಬೆಲೆ ಸೊನ್ನೆ. ಎಲೆಕ್ಟ್ರಾನುಗಳಿಗೂ ಪ್ರೋಟಾನು, ನ್ಯೂಟ್ರಾನುಗಳನ್ನು ಕಟ್ಟುವ ಕ್ವಾರ್ಕುಗಳಿಗೂ ದ್ರವ್ಯರಾಶಿಯೇ ಇರಲಿಲ್ಲ. ವಿಶ್ವ ಹಿಗ್ಗಿ ತಣಿದಾಗ ಕ್ಷೇತ್ರ ಎಲ್ಲೆಡೆ ನೆಲೆನಿಂತಿತು, ಅದರೊಡನೆ ಸೆಣಸುವ ಕಣಗಳಿಗೆ ದ್ರವ್ಯರಾಶಿ ಬಂತು. ಎಲೆಕ್ಟ್ರಾನಿಗೆ ಅದು ಬಾರದಿದ್ದರೆ ಪರಮಾಣುವೇ ಕಟ್ಟಿಕೊಳ್ಳುತ್ತಿರಲಿಲ್ಲ. ಹಿಗ್ಸ್ ಕಣದ ಗುಣಗಳನ್ನು ಕೊಲೈಡರಿನಲ್ಲಿ ಅಳೆಯುವ ಬಗೆಯನ್ನು ಕುರಿತು ದಶಕಗಳ ಕಾಲ ಕೆಲಸ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್ಬೋಲೆ ಒಬ್ಬರು. ಅವರು 2024ರಲ್ಲಿ ನಿಧನರಾದರು.

ವರ್ಷದಲ್ಲಿ ಕೆಲವು ವಾರ ಎಲ್‌ಎಚ್‌ಸಿ ಪ್ರೋಟಾನು ಬಿಟ್ಟು ಸೀಸದ ಪರಮಾಣು ಬೀಜಗಳನ್ನು ಓಡಿಸುತ್ತದೆ. 208 ಪ್ರೋಟಾನು, ನ್ಯೂಟ್ರಾನುಗಳ ಎರಡು ಬೀಜಗಳು ಡಿಕ್ಕಿಯಾದಾಗ ಒಂದು ಕ್ಷಣ ಅವೆಲ್ಲ ಕರಗಿ ಕ್ವಾರ್ಕು ಮತ್ತು ಅವನ್ನು ಬೆಸೆಯುವ ಗ್ಲುವಾನುಗಳ ಸಾರಾಗುತ್ತವೆ. ಮೊದಲ ಸೆಕೆಂಡಿನ ಲಕ್ಷದ ಒಂದು ಪಾಲು ಮುಗಿಯುವವರೆಗೆ ಇಡೀ ವಿಶ್ವದ ಸ್ಥಿತಿ ಇದೇ ಆಗಿತ್ತು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 2000ದಿಂದ ಚಿನ್ನದ ಬೀಜಗಳ ಡಿಕ್ಕಿ ನಡೆಸಿದ ರಿಕ್ ಯಂತ್ರ ಈ ಸ್ಥಿತಿಯ ಸ್ವಭಾವವನ್ನು ಮೊದಲು ಬಿಡಿಸಿತು. ಎಲ್ಲರ ಎಣಿಕೆ ಅನಿಲದಂತಿರುತ್ತದೆ ಎಂದಿತ್ತು. 2005ರಲ್ಲಿ ಹೊರಬಿದ್ದ ಫಲಿತಾಂಶ ಬೇರೆ. ಅದು ದ್ರವ, ಅದೂ ಸ್ನಿಗ್ಧತೆ ಇಲ್ಲವೆನ್ನುವಷ್ಟು ಸರಾಗವಾಗಿ ಹರಿಯುವ ದ್ರವ. ಸೆರ್ನ್‌ನ ಆಲಿಸ್ ಪ್ರಯೋಗ 5.5 ಲಕ್ಷ ಕೋಟಿ ಡಿಗ್ರಿಯಷ್ಟು ತಾಪ ಅಳೆಯಿತು. ಸೂರ್ಯಗರ್ಭದ ಬಿಸಿಗೆ ಹೋಲಿಸಿದರೆ ಅದು ಮೂರು ಲಕ್ಷ ಪಟ್ಟಿಗೂ ಹೆಚ್ಚು. ಆಲಿಸ್‌ನ ಫೋಟಾನ್ ಎಣಿಸುವ ಶೋಧಕವನ್ನು ಕೊಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರದ ನೇತೃತ್ವದಲ್ಲಿ ಭಾರತದ ತಂಡ ಕಟ್ಟಿತು. ಇದೇ ಪ್ರಯೋಗದಿಂದ 2025ರಲ್ಲಿ ಬಂದ ಒಂದು ಸುದ್ದಿ ರಸವಾದಿಗಳಿಗೆ ಮೀಸಲು: ಡಿಕ್ಕಿಯಾಗದೆ ತೀರ ಹತ್ತಿರ ಹಾದುಹೋಗುವ ಸೀಸದ ಬೀಜಗಳು ಕೆಲವೊಮ್ಮೆ ಮೂರು ಪ್ರೋಟಾನು ಕಳೆದುಕೊಂಡು ಚಿನ್ನವಾಗುತ್ತವೆ. 2015ರಿಂದ 2018ರ ನಡುವೆ ಹೀಗೆ ಹುಟ್ಟಿದ್ದು 8,600 ಕೋಟಿ ಚಿನ್ನದ ಬೀಜಗಳು. ಒಟ್ಟು ತೂಕ 29 ಪಿಕೋಗ್ರಾಂ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ 29 ಪಾಲು. ಅದೂ ಕ್ಷಣಾರ್ಧದಲ್ಲಿ ಚೂರಾಯಿತು.

ಇಲ್ಲಿಯವರೆಗಿನದು ಸಿದ್ಧಾಂತ ಮತ್ತು ಪ್ರಯೋಗ ಜೊತೆಜೊತೆಯಾಗಿ ನಡೆದ ದಾರಿ. ದಾರಿ ಕಡಿದಾಗುವುದು ಒಂದು ಸರಳ ಪ್ರಶ್ನೆಯಿಂದ. ಶಕ್ತಿಯಿಂದ ಕಣ ಹುಟ್ಟುವಾಗಲೆಲ್ಲ ಜೊತೆಗೊಂದು ಪ್ರತಿಕಣವೂ ಹುಟ್ಟುತ್ತದೆ. ಎರಡೂ ಕೂಡಿದರೆ ಮತ್ತೆ ಶಕ್ತಿಯಾಗಿ ಅಳಿಯುತ್ತವೆ. ಹಾಗಿದ್ದರೆ ವಿಶ್ವದಲ್ಲಿ ಬರೀ ಬೆಳಕು ಉಳಿಯಬೇಕಿತ್ತು. ಉಳಿದದ್ದು ನಕ್ಷತ್ರ, ಕಲ್ಲು, ನೀರು. ಇಂದು ವಿಶ್ವದಲ್ಲಿ ನೂರು ಕೋಟಿಗೂ ಮೀರಿದ ಬೆಳಕಿನ ಕಣಗಳಿಗೆ ಒಂದರಂತೆ ಪ್ರೋಟಾನು ಅಥವಾ ನ್ಯೂಟ್ರಾನು ಇದೆ. ಹೀಗೆ ಉಳಿಯಬೇಕಾದರೆ ಮೂರು ಷರತ್ತುಗಳು ಕೂಡಿಬರಬೇಕೆಂದು ಸೋವಿಯತ್ ವಿಜ್ಞಾನಿ ಆಂದ್ರೇ ಸಖರೋವ್ 1967ರಲ್ಲಿ ತೋರಿಸಿದರು. ಕಣ ಮತ್ತು ಪ್ರತಿಕಣಗಳ ನಡವಳಿಕೆಯಲ್ಲಿ ಕೊಂಚ ಭೇದವಿರಬೇಕು. ಪ್ರೋಟಾನಿನಂಥ ಕಣಗಳ ಒಟ್ಟು ಎಣಿಕೆ ಬದಲಾಗುವ ಪ್ರಕ್ರಿಯೆ ಇರಬೇಕು. ಇವೆಲ್ಲ ಸಮತೋಲ ತಪ್ಪಿದ ಹೊತ್ತಿನಲ್ಲಿ ನಡೆಯಬೇಕು.

ಮೊದಲ ಷರತ್ತಿನ ಭೇದ 1964ರಲ್ಲೇ ಕೇಯಾನ್ ಕಣಗಳಲ್ಲಿ ಕಂಡಿತ್ತು. 2025ರಲ್ಲಿ ಸೆರ್ನ್‌ನ ಎಲ್‌ಎಚ್‌ಸಿಬಿ ತಂಡ ಅದನ್ನು ಪ್ರೋಟಾನಿನ ಬಳಗದ ಲ್ಯಾಮ್ಡಾ ಬಿ ಕಣದಲ್ಲೂ ಕಂಡಿತು. ಕಣ ಮತ್ತು ಪ್ರತಿಕಣಗಳ ಒಡೆಯುವಿಕೆಯಲ್ಲಿ ಸುಮಾರು ಶೇಕಡಾ 2.5ರಷ್ಟು ವ್ಯತ್ಯಾಸ. ಸಾಧನೆ ದೊಡ್ಡದೇ. ಆದರೆ ಕಣಭೌತದ ಈಗಿನ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಒದಗಿಸುವ ಇಂಥ ಭೇದವನ್ನೆಲ್ಲ ಕೂಡಿಸಿದರೂ ಇಂದಿನ ವಿಶ್ವದ ದ್ರವ್ಯಕ್ಕೆ ಸಾಕಾಗುವುದಿಲ್ಲ. ಮೂರನೆಯ ಷರತ್ತಿಗೆ ಹಿಗ್ಸ್ ಕಣವೇ ಅಡ್ಡಗಾಲು. ಅದು ಇಷ್ಟು ಭಾರವಿರುವುದರಿಂದ ಕ್ಷೇತ್ರ ನೆಲೆನಿಂತ ಆ ಬದಲಾವಣೆ ಹಠಾತ್ತನೆ ನಡೆಯದೆ ಮೆಲ್ಲಗೆ ಜಾರಿತು, ಸಮತೋಲ ತಪ್ಪಲಿಲ್ಲ. ಅಂದರೆ ಗೊತ್ತಿರುವ ಕಣಗಳಿಂದಷ್ಟೇ ದ್ರವ್ಯದ ಇರವನ್ನು ವಿವರಿಸಲಾಗದು.

ಎರಡನೆಯ ಷರತ್ತಿನ ಹುಡುಕಾಟದಲ್ಲಿ ಕೋಲಾರದ ಚಿನ್ನದ ಗಣಿಗೆ ದೊಡ್ಡ ಪಾಲಿದೆ. ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಅಲ್ಲಿನ ಆಳದಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. ಮೇಲಿನ ಬಂಡೆ ಉಳಿದ ಕಣಗಳನ್ನು ತಡೆಯುವುದರಿಂದ ಅಪರೂಪದ ಘಟನೆಗಳಿಗೆ ಅದು ಹೇಳಿ ಮಾಡಿಸಿದ ಜಾಗ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಅಲ್ಲಿ ಸಿಕ್ಕಿತು. 1974ರಲ್ಲಿ ಹೊವರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೊ ಮುಂದಿಟ್ಟ ಮಹಾಏಕೀಕರಣ ಸಿದ್ಧಾಂತದ ಪ್ರಕಾರ ಪ್ರೋಟಾನೂ ಎಂದಾದರೊಂದು ದಿನ ಒಡೆಯಬೇಕು. ಅದನ್ನು ಹಿಡಿಯಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಕೂಡಿ 1980ರಲ್ಲಿ ಕೋಲಾರದ ಸುಮಾರು 2.3 ಕಿ.ಮೀ. ಆಳದಲ್ಲಿ 140 ಟನ್ ಕಬ್ಬಿಣದ ಶೋಧಕ ನಿಲ್ಲಿಸಿದವು. ಈ ಉದ್ದೇಶಕ್ಕೆಂದೇ ಕಟ್ಟಿದ ಪ್ರಯೋಗಗಳಲ್ಲಿ ಅದು ಜಗತ್ತಿನಲ್ಲೇ ಮೊದಲ ಸಾಲಿನದು. ಪ್ರೋಟಾನು ಒಡೆದಂತೆ ತೋರಿದ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತಾದರೂ, ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅವು ದೃಢಪಡಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆಯ ಈಗಿನ ಲೆಕ್ಕದಂತೆ ಪ್ರೋಟಾನಿನ ಆಯುಸ್ಸು, ಸಿದ್ಧಾಂತ ಮುಖ್ಯವೆಂದು ಹೇಳಿದ ದಾರಿಯಲ್ಲಿ, 1ರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಗಳಿಗೂ ಹೆಚ್ಚು. ಜಾರ್ಜೈ, ಗ್ಲಾಶೊ ಅವರ ಮೂಲ ಮಾದರಿ ಅದಕ್ಕೂ ಮೊದಲೇ ಬಿದ್ದುಹೋಗಿತ್ತು.

ಆ ಸಿದ್ಧಾಂತಗಳು ಮಾತಾಡುವ ಶಕ್ತಿ ಎಲ್‌ಎಚ್‌ಸಿಯ ಶಕ್ತಿಗಿಂತ ಲಕ್ಷ ಕೋಟಿ ಪಟ್ಟಿನ ಆಸುಪಾಸು. ವಿಶ್ವ ಹುಟ್ಟಿದೊಡನೆ ಊಹೆಗೂ ನಿಲುಕದ ವೇಗದಲ್ಲಿ ಉಬ್ಬಿತೆಂದು ಅಮೆರಿಕದ ಅಲನ್ ಗುತ್ 1981ರಲ್ಲಿ ಪ್ರಕಟಿಸಿದ ಹಠಾತ್ ಉಬ್ಬರದ ವಾದವೂ ಇದೇ ಎತ್ತರದ್ದು. ಪೆಂಜಿಯಾಸ್, ವಿಲ್ಸನ್ ಕಂಡ ಹಿನ್ನೆಲೆ ವಿಕಿರಣ ಎಲ್ಲ ದಿಕ್ಕಿನಲ್ಲೂ ಯಾಕೆ ಇಷ್ಟು ಸಮನಾಗಿದೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ, ಆದರೆ ನೇರ ಪುರಾವೆ ಇನ್ನೂ ಸಿಕ್ಕಿಲ್ಲ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್ ದೂರದರ್ಶಕ ಅದನ್ನು ಕಂಡೆನೆಂದು ಸಾರಿತು. ಕಂಡದ್ದು ನಮ್ಮ ಗೆಲಾಕ್ಸಿಯ ಧೂಳು ಎಂದು ಮರುವರ್ಷ ಗೊತ್ತಾಯಿತು. ಸೊನ್ನೆ ಕ್ಷಣದಲ್ಲಿ ಏನಿತ್ತು, ಅದಕ್ಕೆ ಮೊದಲು ಏನು ಎಂಬ ಪ್ರಶ್ನೆಗಳಿಗೆ ಸದ್ಯ ಇರುವುದು ಗಣಿತ ಮಾತ್ರ. ಪುಸ್ತಕಗಳೂ ಉಪನ್ಯಾಸಗಳೂ ಈ ಗಣಿತವನ್ನು, ಅಳೆದು ಸಿಕ್ಕ ಸಂಗತಿಗಳ ಸಾಲಿನಲ್ಲೇ ಕೂರಿಸಿ ಹೇಳುವುದು ಓದುಗರಿಗೆ ಮಾಡುವ ಅನ್ಯಾಯ.

ವಿಶ್ವದ ಒಟ್ಟು ಶಕ್ತಿ ಮತ್ತು ದ್ರವ್ಯದಲ್ಲಿ ಪರಮಾಣುಗಳ ಪಾಲು ಶೇಕಡಾ 5. ಶೇಕಡಾ 27ರಷ್ಟು ಕಾಣದ ಕಪ್ಪುದ್ರವ್ಯ, ಉಳಿದದ್ದು ಕಪ್ಪುಶಕ್ತಿ. ಕಪ್ಪುದ್ರವ್ಯದ ಕಣ ಎಲ್‌ಎಚ್‌ಸಿಯಲ್ಲಿ ಸಿಗಬಹುದೆಂಬ ಭರವಸೆ ಬಹಳವಿತ್ತು, ಸೂಪರ್‌ಸಿಮ್ಮೆಟ್ರಿ ಸಿದ್ಧಾಂತದ ಕಣಗಳು ಸಾಲಾಗಿ ಕಾಣುತ್ತವೆಂದು ಪಂಥ ಕಟ್ಟಿದವರೂ ಇದ್ದರು. ಹಿಗ್ಸ್ ಹೊರತು ಅಂಥ ಹೊಸ ಮೂಲಕಣ ಯಾವುದೂ ಸಿಕ್ಕಿಲ್ಲ. ಡಿಕ್ಕಿಗಳ ಸಂಖ್ಯೆ ಹಲವು ಪಟ್ಟು ಏರಿಸುವಂತೆ ಯಂತ್ರವನ್ನು ನವೀಕರಿಸಿ 2030ರ ಹೊತ್ತಿಗೆ ಓಡಿಸುವುದು ಸೆರ್ನ್ ಯೋಜನೆ. ಅದರಾಚೆಗೆ ಸುಮಾರು 91 ಕಿ.ಮೀ. ಸುತ್ತಳತೆಯ ಹೊಸ ಸುರಂಗದ ಪ್ರಸ್ತಾವವಿದೆ. 2025ರ ಮಾರ್ಚಿನಲ್ಲಿ ಹೊರಬಂದ ಕಾರ್ಯಸಾಧ್ಯತಾ ವರದಿ ಮೊದಲ ಹಂತಕ್ಕೆ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ವೆಚ್ಚ ಅಂದಾಜು ಮಾಡಿದೆ. ಏನು ಸಿಗುತ್ತದೆಂಬ ಖಾತ್ರಿಯಿಲ್ಲದೆ ಇಷ್ಟು ಹಣ ಸುರಿಯಬೇಕೇ ಎಂಬ ತಕರಾರು ಭೌತವಿಜ್ಞಾನಿಗಳ ನಡುವೆಯೇ ಇದೆ. ಸದಸ್ಯ ರಾಷ್ಟ್ರಗಳು ಈ ಬಗ್ಗೆ 2028ರ ಸುಮಾರಿಗೆ ತೀರ್ಮಾನ ತೆಗೆದುಕೊಳ್ಳಬೇಕಿದೆ.